ಹಸಿರು ಕೊಂಬೆ ಕಂಡರೆ ಕತ್ತರಿಸು, ಮಗಳೇ

ಮಗಳೇ,

ಬೊಮ್ಮಸಂದ್ರದ ನಿನ್ನ ಹೊಸ ಮನೆಯ ಗೇಟಿಗೂ ಗೋಡೆಗೂ ನಡುವೆ ಒಂದಿಷ್ಟು ಮಣ್ಣಿನ ಜಾಗ ಬಿಟ್ಟಿದ್ದಾರೆ, ಅಲ್ಲಿ ಏನು ಹಾಕಲಿ ದೊಡ್ಡಮ್ಮ ಎಂದು ಕೇಳಿದೆಯಲ್ಲ. ಗಿಡ ಹರಡಿಕೊಂಡು ದಾರಿಗೆ ಅಡ್ಡ ಬರಬಾರದು, ದೇವರಿಗೆ ನಾಲ್ಕು ಹೂವಾದರೂ ಸಿಗಬೇಕು, ಹೂವಿಲ್ಲದ ದಿನವೂ ಮನೆ ಮುಂದೆ ಲಕ್ಷಣವಾಗಿ ನಿಂತಿರಬೇಕು. ನೀನು ಹಾಕಿದ ಈ ಮೂರು ಷರತ್ತಿಗೂ ಒಪ್ಪುವ ಗಿಡ ಒಂದಿದೆ. ಅದು ಬಣ್ಣದೆಲೆಯ ದಾಸವಾಳ.

ನೀನು ನೋಡಿಯೇ ಇರುತ್ತೀಯ. ಮಾಮೂಲಿ ದಾಸವಾಳಕ್ಕಿಂತ ಎಲೆ ಚಿಕ್ಕದು, ಕಿರಿದು. ಹಸಿರಿನ ಮೇಲೆ ಹಾಲುಬಿಳಿ, ಅದರ ಪಕ್ಕದಲ್ಲಿ ತಿಳಿಗುಲಾಬಿ, ಎಳೆ ಚಿಗುರಿನಲ್ಲಿ ಕಡುಗೆಂಪು. ಎರಡು ಎಲೆ ಒಂದೇ ಥರ ಇರುವುದಿಲ್ಲ. ನರ್ಸರಿಯವರು ಇದನ್ನು ‘ವೆರಿಗೇಟೆಡ್ ದಾಸವಾಳ’ ಎನ್ನುತ್ತಾರೆ. ಗುಲಾಬಿ, ಕೆಂಪು ಸೇರಿದ ತಳಿಗೆ ‘ಕೂಪರಿ’ ಎಂದು ಹೆಸರು. ಬರೀ ಬಿಳಿ, ಹಸಿರು ಇರುವುದನ್ನು ‘ಸ್ನೋ ಕ್ವೀನ್’ ಎಂದು ಮಾರುತ್ತಾರೆ. ನಿನಗೆ ನಾನು ಹೇಳುತ್ತಿರುವುದು ಕೂಪರಿ. ಹೂ ಒಂಟಿ ಸುತ್ತಿನದು, ಕೆಂಪು, ಸಣ್ಣದು. ಗಣಪತಿಗೆ, ಅಮ್ಮನವರಿಗೆ ಮುಡಿಸಲು ಕೆಂಪು ದಾಸವಾಳಕ್ಕಿಂತ ಬೇರೆ ಹೂ ಬೇಕೇ?

ಬೇರೆ ಗಿಡ ಯಾಕೆ ಬೇಡ ಎಂದೂ ಹೇಳುತ್ತೇನೆ. ನಿಮ್ಮ ಕಡೆಯ ಕಂಪನಿಗಳ ಕಾಂಪೌಂಡಿನಲ್ಲಿ ಸಾಲಾಗಿ ನೆಟ್ಟಿರುವ ಹಳದಿ ಎಲೆಯ ಡುರಂಟಾ ಸುಲಭದ ಗಿಡವೇ. ಆದರೆ ಅದನ್ನು ಮಟ್ಟಸವಾಗಿಡಲು ಸದಾ ಕತ್ತರಿಸುತ್ತಿರಬೇಕು, ಹಾಗೆ ಕತ್ತರಿಸಿದರೆ ಹೂ ಬಿಡುವುದಿಲ್ಲ. ಕ್ರೋಟನ್ ಎಲೆಯ ಬಣ್ಣಕ್ಕೆ ಸಾಟಿಯಿಲ್ಲ, ಹೂ ಮಾತ್ರ ಹೆಸರಿಗಷ್ಟೇ. ಅದರ ಹಾಲು ತಾಗಿದರೆ ಕೆಲವರ ಚರ್ಮಕ್ಕೆ ಕೆರೆತ ಬರುತ್ತದೆ. ಮುಸ್ಸಂಡ ಆಳೆತ್ತರ ಮೀರಿ ಬೆಳೆಯುತ್ತದೆ. ಕಾಗದದ ಹೂವಿನಲ್ಲಿ ‘ತಿಮ್ಮ’ ಎಂಬ ಚೆಲುವಾದ ತಳಿಯಿದೆ. ಎಲೆಯ ನಡುವೆ ಹಳದಿ, ಒಂದೇ ಗಿಡದಲ್ಲಿ ಬಿಳಿ ಮತ್ತು ಗುಲಾಬಿ ಹೂ. ಆದರೆ ಅದಕ್ಕೆ ಮುಳ್ಳಿದೆ, ಕೈ ಚಾಚುವ ಸ್ವಭಾವವಿದೆ. ಗೇಟಿನ ಪಕ್ಕ ಮಕ್ಕಳು ಓಡಾಡುವ ಕಡೆಗೆ ಸಲ್ಲದು. ದಾಸವಾಳಕ್ಕೆ ಮುಳ್ಳಿಲ್ಲ, ವಿಷವಿಲ್ಲ. ಬೆಂಡೆ, ಹತ್ತಿ, ಉತ್ತರ ಕರ್ನಾಟಕದವರ ಪುಂಡಿ, ಎಲ್ಲವೂ ಅದರ ಒಡಹುಟ್ಟುಗಳೇ. ಆ ನಂಟು ನೆನಪಿಟ್ಟುಕೋ, ಮುಂದೆ ಹುಳದ ಮಾತು ಬಂದಾಗ ಬೇಕಾಗುತ್ತದೆ.

ಈ ಗಿಡವನ್ನು ಸಾಕುವ ಮೊದಲು ಅದರ ಎಲೆಗೆ ಬಣ್ಣ ಹೇಗೆ ಬಂತೆಂದು ತಿಳಿದುಕೊಳ್ಳಬೇಕು. ಎಲೆಯ ಹಸಿರೇ ಗಿಡದ ಅಡುಗೆಮನೆ. ಬಿಸಿಲು ಹಿಡಿದು ಆಹಾರ ಮಾಡುವುದು ಅಲ್ಲಿಯೇ. ಬಿಳಿ ಕಾಣುವ ಭಾಗದಲ್ಲಿ ಆ ಹಸಿರು ಇಲ್ಲ, ಆದ್ದರಿಂದ ಅದು ಏನೂ ದುಡಿಯುವುದಿಲ್ಲ. ಎಲೆಯ ಅರ್ಧ ದುಡಿದು ಪೂರ್ತಿ ಗಿಡವನ್ನು ಸಾಕುತ್ತಿದೆ. ಹಾಗಾಗಿಯೇ ಇದು ನಿಧಾನವಾಗಿ ಬೆಳೆಯುವುದು, ಗಿಡ್ಡಗೆ ಒತ್ತಾಗಿ ನಿಲ್ಲುವುದು. ನಿನ್ನ ಪುಟ್ಟ ಜಾಗಕ್ಕೆ ಇದು ಹೊಂದುವುದೂ ಆ ನಿಧಾನದಿಂದಲೇ. ಪಕ್ಕದ ಮನೆಯ ಹಸಿರು ದಾಸವಾಳ ಗೋಡೆ ದಾಟುವ ಹೊತ್ತಿಗೆ ನಿನ್ನದು ಸೊಂಟದೆತ್ತರಕ್ಕೂ ಬಂದಿರುವುದಿಲ್ಲ. ಆಗ ಬೇಸರಪಟ್ಟು ಯೂರಿಯಾ ಸುರಿಯಬೇಡ ಕಣಮ್ಮ. ಸಾರಜನಕ ಹೆಚ್ಚಾದರೆ ಮೆತ್ತನೆಯ ಹಸಿರು ಚಿಗುರು ಉಕ್ಕುತ್ತದೆ, ಹೂ ಕಡಿಮೆಯಾಗುತ್ತದೆ, ಆ ಎಳೆ ಚಿಗುರಿಗೇ ಹುಳ ಮುತ್ತುತ್ತದೆ.

ಕೊಳ್ಳಲು ಎಲ್ಲಿಗೆ ಹೋಗಬೇಕೆಂದರೆ, ಹೊಸೂರು ರಸ್ತೆಯ ಪಕ್ಕದ ನರ್ಸರಿಗಳಲ್ಲೂ ಸಿಗಬಹುದು. ಆದರೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಲಾಲ್‌ಬಾಗಿಗೆ ಹೋಗಿ ಬಾ. 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೊ ನಿಮ್ಮ ಬೊಮ್ಮಸಂದ್ರದಿಂದಲೇ ಹೊರಡುತ್ತದೆ. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಅಲ್ಲಿಂದ ಎರಡನೇ ನಿಲ್ದಾಣ ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಹಾಕಿಸಲು ತೊಡಗಿದ ತೋಟ ಅದು. 1908ರಲ್ಲಿ ಅದರ ಹೊಣೆ ಹೊತ್ತ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ದೇಶದೇಶಗಳ ಗಿಡ ತರಿಸಿ ನಮ್ಮ ಮಣ್ಣಿಗೆ ಒಗ್ಗಿಸಿದರು. ವರ್ಷದ ಯಾವ ತಿಂಗಳಲ್ಲೂ ಊರಿನ ಒಂದಲ್ಲ ಒಂದು ಬೀದಿ ಹೂ ಬಿಟ್ಟಿರಬೇಕೆಂದು ಮರಗಳನ್ನು ಆರಿಸಿ ನೆಡಿಸಿದರು. 1912ರಲ್ಲಿ ಹುಟ್ಟಿದ ಮೈಸೂರು ತೋಟಗಾರಿಕಾ ಸಂಘ ಇಂದಿಗೂ ಲಾಲ್‌ಬಾಗಿನಲ್ಲಿ ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದಲ್ಲಿ ಕೈಜೋಡಿಸುತ್ತದೆ. ಅಲ್ಲೂ, ಹತ್ತಿರದ ಸಿದ್ದಾಪುರದ ನರ್ಸರಿಗಳಲ್ಲೂ ಗಿಡ ಬಲ್ಲವರು ಸಿಗುತ್ತಾರೆ. ನಾಚಿಕೆಪಡದೆ ಕೇಳು. ಗಿಡದ ಕೆಲಸ ಮಾಡುವವರು ಕೇಳಿದವರಿಗೆ ಹೇಳದೆ ಇರುವುದಿಲ್ಲ.

ಆರಿಸುವಾಗ ಎತ್ತರದ ಗಿಡಕ್ಕೆ ಮನಸೋಲಬೇಡ. ಬುಡದಿಂದಲೇ ಮೂರು ನಾಲ್ಕು ಕವಲೊಡೆದ ಗಿಡ್ಡ ಗಿಡ ತೆಗೆದುಕೋ. ಎಲೆಯನ್ನು ತಿರುಗಿಸಿ ನೋಡು, ಎಲೆ ಕಾಂಡಕ್ಕೆ ಸೇರುವ ಸಂದಿಯನ್ನು ನೋಡು. ಬಿಳಿ ಹತ್ತಿಯಂಥದ್ದು ಅಂಟಿಕೊಂಡಿದ್ದರೆ ಅಲ್ಲೇ ಬಿಟ್ಟು ಬಾ. ಕವರಿನ ತೂತಿನಿಂದ ದಪ್ಪ ಬೇರು ಹೊರಬಿದ್ದಿದ್ದರೆ ಅದು ಬಹಳ ದಿನ ಅಲ್ಲಿಯೇ ಕೂತ ಗಿಡ, ಅದೂ ಬೇಡ. ಗಿಡದಲ್ಲಿ ಬರೀ ಹಸಿರೆಲೆಯ ಕೊಂಬೆ ಇದೆಯೇ ಎಂದು ಗಮನಿಸು. ಯಾಕೆಂದು ಆಮೇಲೆ ಹೇಳುತ್ತೇನೆ.

ಇನ್ನು ನಿನ್ನ ಮಣ್ಣು. ಆನೇಕಲ್ ಸೀಮೆಯದು ರಾಗಿ ಬೆಳೆದ ಕೆಂಪು ಮಣ್ಣು, ನೀರು ಬಸಿಯುವ ಒಳ್ಳೆಯ ಮಣ್ಣು. ಆದರೆ ಹೊಸ ಲೇಔಟಿನ ಮನೆಯ ಮುಂದೆ ಇರುವುದು ಆ ಮಣ್ಣಲ್ಲ. ಕಟ್ಟಡ ಕಟ್ಟಿದ ಮೇಲೆ ಉಳಿದ ಸಿಮೆಂಟು, ಜಲ್ಲಿ, ಇಟ್ಟಿಗೆ ಚೂರನ್ನು ಅಲ್ಲೇ ಮುಚ್ಚಿ ಮೇಲೆ ಎರಡು ಬುಟ್ಟಿ ಕೆಮ್ಮಣ್ಣು ಹರಡಿರುತ್ತಾರೆ. ಸಿಮೆಂಟಿನಲ್ಲಿ ಸುಣ್ಣದಂಶ ಹೆಚ್ಚು. ದಾಸವಾಳಕ್ಕೆ ತುಸು ಹುಳಿ ಮಣ್ಣು ಬೇಕು. ಆದ್ದರಿಂದ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಸು. ಬಂದ ಜಲ್ಲಿ, ಸಿಮೆಂಟಿನ ಹೆಂಟೆಯನ್ನೆಲ್ಲ ಆರಿಸಿ ಹೊರಹಾಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, ಒಂದು ಹಿಡಿ ಬೇವಿನ ಹಿಂಡಿ ಕಲಸಿ ತುಂಬು. ಕುಂಡದಲ್ಲೇ ಇಡುವುದಾದರೆ ಒಂದಡಿ ಅಗಲದ್ದು ಸಾಕು, ತಳದಲ್ಲಿ ತೂತು ಇರಲೇಬೇಕು. ನೆಟ್ಟಾಗ ಗಿಡ ಕವರಿನಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿ ಕೂರಲಿ, ಕಾಂಡ ಹೂಳಬೇಡ.

ಜಾಗ ಪೂರ್ವದ ಬಿಸಿಲು ಬೀಳುವಂಥದ್ದಾಗಲಿ. ದಿನಕ್ಕೆ ಐದಾರು ಗಂಟೆ ಬಿಸಿಲಿಲ್ಲದಿದ್ದರೆ ಈ ಗಿಡದ ಬಣ್ಣ ಮಂಕಾಗುತ್ತದೆ, ಮೊಗ್ಗೂ ಕಟ್ಟುವುದಿಲ್ಲ. ಆದರೆ ಪಶ್ಚಿಮದ ಗೋಡೆಗೆ ಒತ್ತಿ ನೆಟ್ಟರೆ ಮಧ್ಯಾಹ್ನದ ಬಿಸಿಲಿನ ಜೊತೆ ಗೋಡೆಯ ಕಾವೂ ಸೇರಿ ಎಲೆಯ ಬಿಳಿ ಅಂಚು ಸುಟ್ಟು ಕಂದಾಗುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಅಂಥ ಬೇಸಿಗೆಗಳು ಇನ್ನು ಬಾರದೆ ಇರುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಬುಡಕ್ಕೆ ಒಣಗಿದ ಎಲೆ, ತೆಂಗಿನ ನಾರು ಹೊದಿಸು. ಕಾಂಡಕ್ಕೆ ತಾಗದಂತೆ ಎರಡು ಬೆರಳು ಬಿಟ್ಟು ಹೊದಿಸಬೇಕು.

ನೀರಿನ ಮಾತಿಗೆ ಸ್ವಲ್ಪ ಹೆಚ್ಚು ಗಮನ ಕೊಡು, ನಿಮ್ಮ ಕಡೆ ಗಿಡಗಳು ಸೊರಗುವುದು ಹೆಚ್ಚಾಗಿ ಇದರಿಂದಲೇ. ಬೋರ್‌ವೆಲ್ ನೀರು ಗಡಸು. ವರ್ಷಗಟ್ಟಲೆ ಅದನ್ನೇ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಮಣ್ಣಿನ ಹುಳಿಗುಣ ಹೋಗುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರು ಅದನ್ನು ಎಳೆದುಕೊಳ್ಳಲಾರದು. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಕಂಡರೆ ಅದೇ ಕಾರಣ. ಬಣ್ಣದೆಲೆಯ ಗಿಡದಲ್ಲಿ ಈ ಕಾಯಿಲೆಯನ್ನು ಬಣ್ಣವೆಂದೇ ತಿಳಿಯುವವರಿದ್ದಾರೆ. ಗಿಡದ ಬಣ್ಣ ತೇಪೆ ತೇಪೆಯಾಗಿ, ಗಡಿ ಸ್ಪಷ್ಟವಾಗಿ ಇರುತ್ತದೆ. ಕಾಯಿಲೆಯ ಹಳದಿ ನರಗಳ ನಡುವೆ ಒಂದೇ ಸಮ ಹರಡಿರುತ್ತದೆ. ಹೀಗೆ ಗುರುತು ಹಿಡಿ. ಪರಿಹಾರಕ್ಕೆ ಕಳಿತ ಗೊಬ್ಬರ ಕೊಡು, ಮಳೆ ನೀರು ಹಿಡಿದಿಟ್ಟು ಹಾಕು, ತೀರ ಬೇಕಾದರೆ ನರ್ಸರಿಯಲ್ಲಿ ಸಿಗುವ ಚೀಲೇಟೆಡ್ ಕಬ್ಬಿಣವನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ಕೊಡು.

ಅಡುಗೆಮನೆಯ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಮಾತ್ರ ಕುಂಡಕ್ಕೆ ಸುರಿಯಬೇಡ. ನೀರು ದಂಡವಾಗಬಾರದೆಂಬ ನಿನ್ನ ಮನಸ್ಸು ಒಳ್ಳೆಯದು, ಆದರೆ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲಿರುತ್ತದೆ. ಅದು ನೆಲ ಒರೆಸಲು, ಬಚ್ಚಲಿಗೆ ಆಗಲಿ. ಗಿಡಕ್ಕೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಹಾಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುತ್ತ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗೆ ಕಾದು ಕೂತ ದಿನಗಳಲ್ಲಿ ಎಷ್ಟೋ ಮನೆಯ ಗಿಡಗಳು ಬದುಕಿದ್ದು ಆ ನೀರಿನಿಂದ. ಎಷ್ಟು ಹಾಕಬೇಕೆಂದು ಲೆಕ್ಕ ಕೇಳಬೇಡ. ಮಣ್ಣಿಗೆ ಬೆರಳಿಟ್ಟು ನೋಡು. ಒಂದು ಅಂಗುಲದಷ್ಟು ಒಣಗಿದ್ದರೆ ತಳ ಮುಟ್ಟುವಂತೆ ಹಾಕು, ಒದ್ದೆಯಿದ್ದರೆ ಬಿಡು. ಒಂದು ದಿನ ಪೂರ್ತಿ ಒಣಗಿಸಿ ಮರುದಿನ ಮುಳುಗಿಸಿದರೆ ಮೊಗ್ಗು ಉದುರುತ್ತದೆ.

ಗೊಬ್ಬರವನ್ನು ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರದಲ್ಲಿ ಮುಗಿಸು. ಹೂವಿಗೆಂದು ರಂಜಕ ಹೆಚ್ಚಿರುವ ಗೊಬ್ಬರ ಕೊಡುವುದು ರೂಢಿ, ದಾಸವಾಳಕ್ಕೆ ಅದು ಒಗ್ಗದು. ಅದಕ್ಕೆ ಬೇಕಾದದ್ದು ಪೊಟ್ಯಾಷ್. ಬಾಳೆಹಣ್ಣಿನ ಸಿಪ್ಪೆಯನ್ನು ಕಾಂಪೋಸ್ಟಿಗೆ ಸೇರಿಸುತ್ತಿರು.

ಈಗ ಹಸಿರು ಕೊಂಬೆಯ ವಿಚಾರ. ನಾನು ಹೇಳುವುದರಲ್ಲೆಲ್ಲ ಮುಖ್ಯವಾದದ್ದು ಇದೇ.

ಇಂಥ ಬಣ್ಣದೆಲೆಗಳು ಹುಟ್ಟುವುದು ಸಾಮಾನ್ಯವಾಗಿ ಒಂದು ಹಸಿರು ಗಿಡದ ಒಂದೇ ಒಂದು ಮೊಗ್ಗಿನಲ್ಲಿ ಆಗುವ ಬದಲಾವಣೆಯಿಂದ. ಆಗಲೇ ಹೇಳಿದ ತಿಮ್ಮ ಕಾಗದದ ಹೂವೂ ಹಾಗೆಯೇ, ಮೇರಿ ಪಾಮರ್ ಎಂಬ ತಳಿಯ ಒಂದು ಕವಲಿನಲ್ಲಿ ಕಾಣಿಸಿಕೊಂಡದ್ದು. ಅಂಥ ಕವಲನ್ನು ಯಾರೋ ಒಬ್ಬರು ನೋಡಿ, ಇದು ಬೇರೆ ಎಂದು ಗುರುತಿಸಿ, ಕತ್ತರಿಸಿ ನೆಡಬೇಕು. ಆಗ ಮಾತ್ರ ಅದು ಉಳಿಯುತ್ತದೆ. ಗಿಡದೊಳಗೆ ಹಸಿರಿರುವ ಪದರವೂ ಹಸಿರಿಲ್ಲದ ಪದರವೂ ಒಟ್ಟಿಗಿರುತ್ತವೆ. ಒಮ್ಮೊಮ್ಮೆ ಹಸಿರು ಪದರವೇ ಮುಂದೆ ನುಗ್ಗಿ ಬರೀ ಹಸಿರೆಲೆಯ ಕೊಂಬೆ ಹೊರಡುತ್ತದೆ. ಆ ಕೊಂಬೆ ಇಡೀ ಎಲೆಯಿಂದ ದುಡಿಯುತ್ತದೆ, ಆದ್ದರಿಂದ ಉಳಿದವಕ್ಕಿಂತ ಬೇಗ ಬೆಳೆಯುತ್ತದೆ, ದಪ್ಪವಾಗುತ್ತದೆ. ನೋಡಿದವರಿಗೆ ಗಿಡ ಈಗ ಚೆನ್ನಾಗಿ ಹತ್ತಿಕೊಂಡಿತು ಎಂದು ಸಂತೋಷವೇ ಆಗುತ್ತದೆ. ಒಂದೆರಡು ಮಳೆಗಾಲ ಬಿಟ್ಟರೆ ಸಾಕು, ಬೇರಿನ ಸಾರವನ್ನೆಲ್ಲ ಆ ಕೊಂಬೆ ಎಳೆದುಕೊಂಡು ಬಣ್ಣದ ಕೊಂಬೆಗಳು ಒಣಗುತ್ತವೆ. ಕೊನೆಗೆ ಉಳಿಯುವುದು ಮಾಮೂಲಿ ಹಸಿರು ದಾಸವಾಳ.

ಅದಕ್ಕೇ ಹಸಿರು ಕೊಂಬೆ ಕಂಡ ದಿನವೇ, ಅದು ಬೆರಳಷ್ಟು ಉದ್ದವಿರುವಾಗಲೇ, ಹೊರಟ ಜಾಗದಿಂದ ಬುಡಸಮೇತ ತೆಗೆದುಬಿಡು. ಅರ್ಧಕ್ಕೆ ಕತ್ತರಿಸಿದರೆ ಉಳಿದ ಗಣ್ಣಿನಿಂದ ಮತ್ತೆ ಎರಡು ಹಸಿರು ಕವಲು ಬರುತ್ತವೆ. ಆರೋಗ್ಯವಾಗಿರುವ ಕೊಂಬೆಗೆ ಕತ್ತರಿ ಹಾಕಲು ಕೈ ಹಿಂಜರಿಯುತ್ತದೆ, ನಿಜ. ಆದರೂ ಹಾಕು. ನಿನ್ನ ವಯಸ್ಸಿನವರ ದಿನಗಳಲ್ಲೂ ಇಂಥ ಕೊಂಬೆಗಳು ಹೊರಡುತ್ತವೆ ಮಗಳೇ. ಎರಡು ಶಿಫ್ಟಿನ ಕೆಲಸ, ಮತ್ತಷ್ಟು ಸಂಬಳ, ಇನ್ನೊಂದು ಸೈಟು, ಎಲ್ಲವೂ ಜೋರಾಗಿ ಬೆಳೆಯುವಂಥವೇ, ಯಾವುದೂ ಕೆಟ್ಟದ್ದಲ್ಲ. ಆದರೆ ನಿನ್ನ ಹಾಡು, ನಿನ್ನ ಓದು, ಮನೆಯವರ ಜೊತೆ ಕೂತು ಉಣ್ಣುವ ಹೊತ್ತು, ಇವು ನಿಧಾನದವು. ಇವಕ್ಕೆ ಸಾರ ಮಿಗಬೇಕಾದರೆ ಜೋರಾಗಿ ಬೆಳೆಯುವುದನ್ನು ಎಲ್ಲಿಯೋ ಒಂದು ಕಡೆ ತಡೆಯಲೇಬೇಕು. ತಾನಾಗಿ ಉಳಿಯುವ ಸ್ವಭಾವ ಇವಕ್ಕಿಲ್ಲ.

ಹಾಗೆಯೇ ಇನ್ನೊಂದು ಕಡೆಯ ಎಚ್ಚರವೂ ಬೇಕು. ಕೆಲವೊಮ್ಮೆ ಹಸಿರೇ ಇಲ್ಲದ ಪೂರ್ತಿ ಬಿಳಿ, ಗುಲಾಬಿ ಕವಲು ಬರುತ್ತದೆ. ನೋಡಲು ಅದರಷ್ಟು ಚೆಂದ ಬೇರೊಂದಿಲ್ಲ, ಆದರೆ ಅದು ತನ್ನ ಅನ್ನ ತಾನು ದುಡಿಯಲಾರದು. ಗಿಡದ ಮೇಲೆ ಇರುವಷ್ಟು ದಿನ ಇರಲಿ, ಅದರಿಂದ ಸಸಿ ಮಾಡಲು ಹೋಗಬೇಡ.

ಇಡೀ ಗಿಡವನ್ನು ಸವರಲು ಒಳ್ಳೆಯ ಕಾಲ ಫೆಬ್ರವರಿಯ ಕೊನೆ, ಚಳಿ ಇಳಿದು ಚಿಗುರು ಏಳುವ ಮುನ್ನ. ಮೂರರಲ್ಲಿ ಒಂದು ಪಾಲು ತೆಗೆ. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಆದ್ದರಿಂದ ಸವರಿದರೆ ಹೂ ಹೋಯಿತೆಂದು ಕೊರಗಬೇಕಿಲ್ಲ. ನಡುನಡುವೆ ತುದಿ ಚಿವುಟುತ್ತಿದ್ದರೆ ಗಿಡ ಗುಂಡಗೆ ಒತ್ತಾಗುತ್ತದೆ.

ಇನ್ನು ಹುಳ. ಬೆಂಡೆ, ಹತ್ತಿಯ ನಂಟು ನೆನಪಿಟ್ಟುಕೋ ಎಂದಿದ್ದೆನಲ್ಲ. ಆ ಬೆಳೆಗಳ ಶತ್ರುವೇ ಇದಕ್ಕೂ ಶತ್ರು. ಹಿಟ್ಟು ತಿಗಣೆ. ಚಿಗುರಿನ ಸಂದಿಯಲ್ಲಿ ಬಿಳಿ ಹಿಟ್ಟು ಉದುರಿಸಿದಂತೆ ಕೂತು ರಸ ಹೀರುತ್ತದೆ, ಚಿಗುರು ಮುರುಟುತ್ತದೆ. ಕಾಂಡದ ಮೇಲೆ ಇರುವೆ ಸಾಲು ಹತ್ತುತ್ತಿದ್ದರೆ ಮೇಲೆ ತಿಗಣೆ ಇದೆಯೆಂದೇ ಅರ್ಥ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ. ಮೊದಲು ಮುರುಟಿದ ತುದಿ ಕತ್ತರಿಸಿ ಕವರಿನಲ್ಲಿ ಕಟ್ಟಿ ಬಿಸಾಡು. ಉಳಿದದ್ದನ್ನು ಪೈಪಿನ ನೀರಿನಿಂದ ರಭಸವಾಗಿ ತೊಳೆ. ಆಮೇಲೆ ಸಂಜೆ ಹೊತ್ತು ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ ಎಲೆಯ ತಳಕ್ಕೂ ಸಿಂಪಡಿಸು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೇವಿನಿಂದಲೂ ಹೊಂಗೆಯಿಂದಲೂ ಗಿಡಕ್ಕೆಂದೇ ಸಾಬೂನು ಮಾಡಿದ್ದಾರೆ, ಅದೂ ಒಳ್ಳೆಯದು. ಸಿಂಪಡಿಸಿದ ಮೇಲೆ ಕೆಲವು ದಿನ ಹೂವನ್ನಾಗಲಿ, ತಲೆಗೆ ಅರೆಯಲು ಎಲೆಯನ್ನಾಗಲಿ ಕೀಳಬೇಡ.

ಆದರೆ ಸಿಂಪಡಿಸುವ ಮುನ್ನ ಒಂದು ನಿಮಿಷ ನಿಂತು ನೋಡು. ಹಿಟ್ಟು ತಿಗಣೆಯನ್ನೇ ತಿಂದು ಬದುಕುವ ಒಂದು ಗುಲಗಂಜಿ ಹುಳದ ಮರಿ ಥೇಟ್ ತಿಗಣೆಯ ಹಾಗೆಯೇ ಬಿಳಿ ಕುಚ್ಚು ಹೊದ್ದಿರುತ್ತದೆ. ತಿಗಣೆಗಿಂತ ದೊಡ್ಡದು, ಚುರುಕಾಗಿ ಓಡಾಡುತ್ತದೆ. ಅದು ಕಂಡರೆ ಔಷಧಿ ಎತ್ತಿಡು, ಕೆಲಸ ಅದೇ ಮಾಡುತ್ತದೆ. 2008ರಲ್ಲಿ ಕೊಯಮತ್ತೂರಿನ ಕಡೆ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ನಮ್ಮ ಕಡೆಗೂ ಹರಡಿ ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳ ಯಾವುದನ್ನೂ ಬಿಡಲಿಲ್ಲ. ಔಷಧಿ ಹೊಡೆದು ಹೊಡೆದು ರೈತರು ಸೋತಿದ್ದರು. 2010ರಲ್ಲಿ ಬೆಂಗಳೂರಿನ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆಯ ವಿಜ್ಞಾನಿಗಳು ಪೋರ್ಟೊರಿಕೊದಿಂದ ಸಾಸಿವೆಗಿಂತ ಚಿಕ್ಕದಾದ ಕಣಜಗಳನ್ನು ತರಿಸಿ, ಸಾಕಿ, ತೋಟಗಳಿಗೆ ಬಿಟ್ಟರು. ಆ ಕಣಜಗಳು ತಿಗಣೆಯೊಳಗೆ ಮೊಟ್ಟೆಯಿಟ್ಟು ಅದರ ಹಾವಳಿಯನ್ನು ಹತೋಟಿಗೆ ತಂದವು. ಸಿಕ್ಕಿದ ವಿಷವನ್ನೆಲ್ಲ ಹೊಡೆಯುವ ಮನೆಯಲ್ಲಿ ಇಂಥ ನೆರವಿನವರು ಉಳಿಯುವುದಿಲ್ಲ. ಬೆಳಿಗ್ಗೆ ಹೂವಿಗೆ ಬರುವ ಸೂರಕ್ಕಿಗೂ ಆ ವಿಷ ಬೇಡ.

ಕೊನೆಯದಾಗಿ ಸಸಿ ಮಾಡುವುದು. ಈ ಬಣ್ಣ ಬೀಜದಿಂದ ಬರುವುದಿಲ್ಲ. ಎಲ್ಲಿಯೋ ಎಂದೋ ಯಾರೋ ಗುರುತಿಸಿದ ಕೊಂಬೆ, ಅವರು ಇನ್ನೊಬ್ಬರಿಗೆ ಕೊಟ್ಟ ತುಂಡು, ಅವರಿಂದ ಮತ್ತೊಬ್ಬರಿಗೆ, ಹೀಗೆ ಕೈಯಿಂದ ಕೈಗೆ ದಾಟಿ ನೂರೈವತ್ತು ವರ್ಷಕ್ಕೂ ಮೀರಿ ಬದುಕಿ ಬಂದ ತಳಿ ಇದು. ನಡುವೆ ಎಲ್ಲರೂ ಕೈ ಮುಚ್ಚಿಕೊಂಡಿದ್ದರೆ ನಿನ್ನ ಮನೆ ಮುಂದೆ ಇದು ಇರುತ್ತಿರಲಿಲ್ಲ. ಅದಕ್ಕೇ ಇದನ್ನು ಸಾಕುವವರ ಮೇಲೆ ಕೊಡುವ ಹೊಣೆಯೂ ಇದೆ.

ಮುಂಗಾರು ಹಿಡಿದ ಮೇಲೆ ಜೂನ್, ಜುಲೈ ತಿಂಗಳಲ್ಲಿ ಪೆನ್ಸಿಲ್ ದಪ್ಪದ, ಬಣ್ಣ ಮತ್ತು ಹಸಿರು ಎರಡೂ ಸಮನಾಗಿರುವ ಕೊಂಬೆ ಆರಿಸು. ಗೇಣುದ್ದಕ್ಕೆ ಸ್ವಲ್ಪ ಕಡಿಮೆ, 15 ಸೆಂಟಿಮೀಟರ್ ಸಾಕು. ಗಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ತುದಿಯ ಎರಡು ಎಲೆ ಬಿಟ್ಟು ಉಳಿದವನ್ನು ತೆಗೆ. ಮರಳು, ತೆಂಗಿನ ನಾರಿನ ಪುಡಿ ಸಮ ಕಲಸಿದ ಕುಂಡದಲ್ಲಿ ಮೂರನೇ ಒಂದು ಭಾಗ ಹೂತು ನೆರಳಿನಲ್ಲಿಡು. ಒದ್ದೆಯಿರಲಿ, ನೀರು ನಿಲ್ಲದಿರಲಿ. ಬೇರು ಬಂತೇ ಎಂದು ಎಳೆದು ನೋಡಬೇಡ. ಒಂದೂವರೆ ಎರಡು ತಿಂಗಳು ಕಾದರೆ ಹೊಸ ಎಲೆಯೇ ಹೇಳುತ್ತದೆ. ನಾಲ್ಕು ನೆಟ್ಟರೆ ಎರಡು ಹತ್ತಿದರೂ ಸಂತೋಷಪಡು, ಹಸಿರು ದಾಸವಾಳದಷ್ಟು ಸಲೀಸಾಗಿ ಇದು ಹತ್ತುವುದಿಲ್ಲ.

ಹತ್ತಿದ ಸಸಿಯನ್ನು ನಿನ್ನ ಬೀದಿಯವರಿಗೆ ಕೊಡು. ಬೊಮ್ಮಸಂದ್ರದಲ್ಲಿ ನಿನ್ನ ಎದುರು ಮನೆಯವರು ಕಲಬುರಗಿಯವರಿರಬಹುದು, ಮೇಲಿನ ಮನೆಯವರು ಒಡಿಶಾದವರಿರಬಹುದು. ಎಲ್ಲರೂ ಕೆಲಸ ಹುಡುಕಿ ಬಂದವರು, ಶಿಫ್ಟ್ ಮುಗಿಸಿ ಬಾಗಿಲು ಹಾಕಿಕೊಳ್ಳುವವರು, ಬೇಸರವಾದರೆ ಯಾರನ್ನು ಮಾತಾಡಿಸಬೇಕೆಂದು ತಿಳಿಯದವರು. ಒಂದು ಸಸಿ ಕೈಗಿಟ್ಟು ನೀರು ಹೇಗೆ ಹಾಕಬೇಕೆಂದು ಹೇಳಿದರೆ ಮರುವಾರ ಅವರೇ ಕೇಳಿಕೊಂಡು ಬರುತ್ತಾರೆ. ಬಾಡಿಗೆ ಮನೆಯವರಿಗೆ ಕುಂಡದಲ್ಲಿಟ್ಟು ಕೊಡು, ಮನೆ ಬದಲಿಸಿದಾಗ ಜೊತೆಗೆ ಒಯ್ಯಲಿ. ಕೊಡುವಾಗ ಹಸಿರು ಕೊಂಬೆಯ ಮಾತನ್ನು ಮರೆಯದೆ ಹೇಳು. ಅದನ್ನು ಹೇಳದೆ ಕೊಟ್ಟರೆ ಕೆಲವು ವರ್ಷದಲ್ಲಿ ಅವರ ಬಳಿ ಹಸಿರು ಗಿಡವಷ್ಟೇ ಉಳಿಯುತ್ತದೆ. ಗಿಡದ ಜೊತೆ ಅದರ ತಿಳಿವಳಿಕೆಯನ್ನೂ ಕೊಟ್ಟಾಗಲೇ ನೀನು ಪೂರ್ತಿ ಕೊಟ್ಟಂತೆ.

ಈ ಭಾನುವಾರವೇ ಗುಂಡಿ ತೆಗೆಸು. ಮುಂದಿನ ಮುಂಗಾರಿಗೆ ಮೊದಲ ತುಂಡು ಯಾರ ಮನೆಗೆ ಎಂದು ಈಗಲೇ ಮನಸ್ಸಿನಲ್ಲಿ ಗೊತ್ತು ಮಾಡಿಕೋ.

ಇತಿ,
ನಿನ್ನ ದೊಡ್ಡಮ್ಮ